ಹುಟ್ಟೂರಿನ ಉಪ್ಪು

ಯಾರನ್ನು ಕಂಡರೂ ಊರು ಯಾವುದು, ಮನೆತನ ಯಾವುದು ಎಂದು ಕೆದಕಿ ಕೇಳುವುದು ನಮ್ಮ ಜನರ ಹಳೆಯ ಚಾಳಿ. ಬಸ್ಸಿನಲ್ಲಿ ಪಕ್ಕ ಕೂತ ಬಡಪಾಯಿಯನ್ನೂ ಬಿಡುವುದಿಲ್ಲ. ಇನ್ನು ಒಂದು ಚಿಟಿಕೆ ಮಣ್ಣಿಗೆ, ಒಂದೆಳೆ ಕೂದಲಿಗೆ, ನಿನ್ನ ಹುಟ್ಟೂರು ಯಾವುದು ಎಂದು ಕೇಳಿ ಉತ್ತರವನ್ನೂ ಪಡೆಯುವ ಯಂತ್ರವೊಂದು ಸಿಕ್ಕಿಬಿಟ್ಟರೆ ಕೇಳಬೇಕೆ? ಅಂಥದ್ದೊಂದು ಕುಮಟೆಯ ಆಚೆಗಿನ ಕಡಲಂಚಿನ ಊರು ಬೇಲೆಬೈಲಿಗೆ ಬಂತು. ಅದರ ಇಂಗ್ಲಿಷ್ ಹೆಸರು ಮೊಳದುದ್ದ ಇತ್ತು. ಊರಿನವರು ಹುಟ್ಟೂರು ಮಿಶನ್ನು ಅಂದರು. ಕೊನೆಗೆ ಅದನ್ನು ನಡೆಸುತ್ತಿದ್ದ ಶೇವಂತಿ ನಾಯ್ಕಳ ಬಾಯಲ್ಲೂ ಅದೇ ನಿಂತಿತು.

ಶೇವಂತಿ ಆ ಊರಿನ ಮಗಳು. ಅವಳ ಅಜ್ಜ ಇಲ್ಲಿನ ಆಗರದಲ್ಲಿ ಉಪ್ಪು ಎಳೆದವನು. ಕಡಲ ನೀರನ್ನು ಚೌಕ ಚೌಕವಾಗಿ ನಿಲ್ಲಿಸಿ ಬಿಸಿಲಿಗೆ ಬತ್ತಿಸಿದರೆ ಉಪ್ಪು ಉಳಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಉಪ್ಪಿನ ಜೊತೆ, ಬಾನಿನಿಂದ ಕಡಲಿಗೆ ಸದಾ ಉದುರುತ್ತಲೇ ಇರುವ ನಕ್ಷತ್ರಗಳ ಧೂಳೂ ಒಂದಿಷ್ಟು ಉಳಿಯುತ್ತದೆ, ಅದು ಎಲ್ಲರಿಗೂ ಗೊತ್ತಿಲ್ಲ. ಆ ಧೂಳನ್ನು ಸೋಸಿ, ಆಕಾಶಗಂಗೆಯ ಯಾವ ಮೂಲೆಯಿಂದ, ಯಾವ ಕಾಲದಿಂದ ಬಂದದ್ದೆಂದು ನೋಡಲಿಕ್ಕೇ ಆಗರದ ದಂಡೆಯ ಮೇಲೆ ಪ್ರಯೋಗಾಲಯ ಕಟ್ಟಿದ್ದು.

ಇದರ ಹಿಂದಿನ ಲೆಕ್ಕ ತಲೆ ತಿನ್ನುವಂಥದ್ದೇನಲ್ಲ. ಆಕಾಶಗಂಗೆ ಹುಟ್ಟಿದಾಗ ಅದರಲ್ಲಿ ಇದ್ದದ್ದು ಜಲಜನಕ, ಹೀಲಿಯಂ ಇಷ್ಟೇ. ಸಪ್ಪೆ ಗಂಜಿ. ಉಳಿದದ್ದನ್ನೆಲ್ಲ ನಕ್ಷತ್ರಗಳು ತಮ್ಮ ಹೊಟ್ಟೆಯಲ್ಲಿ ಬೇಯಿಸಿ ಸಾಯುವಾಗ ಚೆಲ್ಲಿ ಹೋದವು. ನಡುಭಾಗದಲ್ಲಿ ನಕ್ಷತ್ರಗಳ ನೂಕುನುಗ್ಗಲು, ಹುಟ್ಟು ಸಾವು ಬೇಗ ಬೇಗ, ಹಾಗಾಗಿ ಅಲ್ಲಿ ಒಗ್ಗರಣೆ ಜಾಸ್ತಿ. ಅಂಚಿನಲ್ಲಿ ಇವತ್ತಿಗೂ ಹೆಚ್ಚು ಕಡಿಮೆ ಸಪ್ಪೆಯೇ. ಮೆಗ್ನೀಸಿಯಮ್ಮನ್ನೇ ತಗೊಳ್ಳಿ. ಎಲೆಯ ಹಸಿರಿನಲ್ಲಿ, ನಮ್ಮ ಎಲುಬಿನಲ್ಲಿ, ಕಡಲ ನೀರಿನಲ್ಲಿ ಎಲ್ಲೆಲ್ಲೂ ಇರುವಂಥದ್ದು. ಅದರಲ್ಲಿ ತೂಕದ ಲೆಕ್ಕದಲ್ಲಿ ಮೂವರು ಅಣ್ಣತಮ್ಮಂದಿರು. ಹಗುರದ ಅಣ್ಣ ಮೊದಮೊದಲ ನಕ್ಷತ್ರಗಳಲ್ಲೇ ಹುಟ್ಟಿದವನು. ಭಾರದ ತಮ್ಮಂದಿರಿಬ್ಬರು ನಕ್ಷತ್ರಗಳ ಎಷ್ಟೋ ತಲೆಮಾರು ಕಳೆದ ಮೇಲೆ ನಿಧಾನವಾಗಿ ಬಂದವರು. ಹಳೆಯ ಕಾಲದ, ಅಂಚಿನ ಸರಕಾದರೆ ತಮ್ಮಂದಿರು ಇಲ್ಲವೆನ್ನುವಷ್ಟು ಕಡಿಮೆ. ಈಚಿನದ್ದು, ನಡುಭಾಗದ್ದು ಆದರೆ ಜಾಸ್ತಿ. ನಮ್ಮ ಸೂರ್ಯನ ಸಂಸಾರದಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು. ಈ ಪಾಲು ಅಳೆದರೆ ಹುಟ್ಟೂರು ಗೊತ್ತಾಯಿತು. ಪರದೆಯ ಮೇಲೆ ಆಕಾಶಗಂಗೆಯ ಚಿತ್ರ ಮೂಡಿ, ಅದರಲ್ಲೊಂದು ಕೆಂಪು ಚುಕ್ಕಿ ಬಂದು ನಿಲ್ಲುತ್ತಿತ್ತು.

ಒಂದು ಮಾತಿದೆ. ಯಂತ್ರಕ್ಕೆ ದಿನಾ ಬೆಳಿಗ್ಗೆ ಮೊದಲು ಏನನ್ನಾದರೂ ತೋರಿಸಿ, ಇದು ನಮ್ಮದು, ಇದೇ ಮನೆ, ಎಂದು ಹೇಳಿಕೊಡಬೇಕು. ಉಳಿದದ್ದರ ದೂರವನ್ನೆಲ್ಲ ಅದು ಅಲ್ಲಿಂದಲೇ ಅಳೆಯುವುದು. ಯಂತ್ರ ಶುರು ಮಾಡಿದ ದಿನ, ಹೊಸ ಮನೆಯೊಳಗೆ ಮೊದಲು ಉಪ್ಪು ಹೋಗಬೇಕು ಅನ್ನುವ ಪದ್ಧತಿಯಂತೆ ಶೇವಂತಿ ಆಗರದ ಉಪ್ಪನ್ನು ಒಂದು ಚಿಟಿಕೆ ಒಳಗಿಟ್ಟಳು. ಮನೆ ಎಂದು ತೋರಿಸಲಿಕ್ಕೆಂದೇ ಹೊರದೇಶದಿಂದ ತರಿಸಿದ ಮಾದರಿ ಸೀಸೆಯ ಅಳತೆಗೂ ಅದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬರಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥರು ವಿಠೋಬ ಶಾನಭಾಗರು. ಕಡಲು ಜಗತ್ತಿಗೆಲ್ಲ ಒಂದೇ ತಾನೆ, ಇನ್ನು ಆ ಸೀಸೆಯ ಹಂಗು ಯಾಕೆ, ನಮ್ಮ ಉಪ್ಪೇ ಸಾಕು ಎಂದು ಅವರು ಬೀಗಿದರು. ಊರಿಗೆ ಊರೇ ಬೀಗಿತು. ಅಲ್ಲಿಂದ ಮುಂದೆ ದಿನಾ ಉಪ್ಪು ತೋರಿಸಿಯೇ ಕೆಲಸ ಶುರು.

ಹೆದರಿಕೆ ಹುಟ್ಟಿದ್ದು ಒಂದು ಹಿಡಿ ಜೋಳದಿಂದ. ಶೇವಂತಿಯ ಗಂಡ ಹಮ್ಮಣ್ಣ ಮೀನಿನ ಲಾರಿ ಓಡಿಸುವವನು. ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋದವನು ಬರುವಾಗ ಜೋಳ ತಂದಿದ್ದ. ಅವಳು ಸುಮ್ಮನೆ ಕುತೂಹಲಕ್ಕೆ ಅದನ್ನು ಯಂತ್ರಕ್ಕೆ ಹಾಕಿ ನೋಡಿದಳು. ಚುಕ್ಕಿ ಮನೆಯ ಜಾಗದಿಂದ ಕದಲಿ ಆಕಾಶಗಂಗೆಯ ನಡುಭಾಗದ ಕಡೆ ಜಾರಿ ನಿಂತಿತು. ಯಂತ್ರ ಕೆಟ್ಟಿತೇನೋ ಎಂದು ಅಂಗಳದ ಬಸಳೆ ಎಲೆ ಹಾಕಿದಳು. ಚುಕ್ಕಿ ಮನೆಗೆ ಬಂತು. ಮತ್ತೆ ಜೋಳ ಹಾಕಿದಳು, ಮತ್ತೆ ಜಾರಿತು.

ಮುಂದಿನ ವಾರಗಳಲ್ಲಿ ಮಂಡ್ಯದ ಅಕ್ಕಿ ತರಿಸಿದರು, ಬೀದರಿನ ತೊಗರಿ ತರಿಸಿದರು, ಯಾವ ಯಾವುದೋ ಊರಿನ ಮಣ್ಣು ತರಿಸಿದರು. ಹೊರಗಿನದ್ದೆಲ್ಲ ನಡುಭಾಗದ್ದು. ಬೇಲೆಬೈಲಿನ ಮೀನು, ಕಡಲ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಬೆಳೆಯುವ ಕಗ್ಗದ ಅಕ್ಕಿ, ಇಲ್ಲಿನ ಮಕ್ಕಳ ಉಗುರು ಮಾತ್ರ ಮನೆಯದ್ದು. ತಿಂಗಳು ತಿಂಗಳಿಗೆ ಆ ದೂರವೂ ಬೆಳೆಯುತ್ತಿತ್ತು. ಏನೋ ಒಂದು ಜಗತ್ತನ್ನೆಲ್ಲ ಅಣು ಅಣುವಾಗಿ ಬದಲಿಸುತ್ತಿದೆ, ಇನ್ನೂ ಮುಟ್ಟದೆ ಬಿಟ್ಟಿರುವುದು ನಮ್ಮ ಊರೊಂದನ್ನೇ ಎಂದು ಶಾನಭಾಗರು ತೀರ್ಮಾನ ಹೇಳಿದರು. ಹೊರಗಿನ ಪ್ರಯೋಗಾಲಯಗಳಿಗೆ ಬರೆದು ಕೇಳಿದರು. ನಮ್ಮಲ್ಲಿ ಎಲ್ಲ ಸರಿಯಾಗಿದೆ, ನಿಮ್ಮ ಅಳತೆಯ ಬುಡವನ್ನೇ ಒಮ್ಮೆ ನೋಡಿಕೊಳ್ಳಿ ಎಂದು ಉತ್ತರ ಬಂತು. ಶಾನಭಾಗರು ನಕ್ಕರು. ಬದಲಾದವರಿಗೆ ತಾವು ಬದಲಾದದ್ದು ಹೇಗೆ ತಿಳಿಯಬೇಕು, ಅವರ ಅಳತೆಗೋಲೂ ಅವರ ಜೊತೆಗೇ ಕೆಟ್ಟಿದೆ ಅಂದರು. ಶೇವಂತಿಗೆ ಆ ಮಾತು ಎಷ್ಟು ಸರಿಯೆನಿಸಿತೆಂದರೆ ಅವಳು ಅದನ್ನು ಊರಿನ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಳು.

ಆಮೇಲೆ ಊರು ಬಾಗಿಲು ಹಾಕಿಕೊಂಡಿತು. ಹೊಳೆಯ ಸೇತುವೆಯ ಮೇಲೆ ಹುಡುಗರು ಕಾವಲು ಕೂತರು. ಹೊರಗಿನ ಒಂದು ಕಾಳು ಒಳಗೆ ಬರುವಂತಿಲ್ಲ. ಪರೀಕ್ಷೆ ಮಾಡುತ್ತೇವೆಂದು ಬಂದ ವಿಜ್ಞಾನಿಗಳನ್ನೂ ಅಲ್ಲಿಂದಲೇ ವಾಪಸು ಕಳಿಸಿದರು. ಬೇಲೆಬೈಲಿನವರು ತಮ್ಮ ಮೀನು, ತಮ್ಮ ಅಕ್ಕಿ, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಉಪ್ಪು ತಿಂದು ಬದುಕತೊಡಗಿದರು. ಮಕ್ಕಳಿಗೆ ಒಂದು ಹರಳು ಜಾಸ್ತಿಯೇ ಹಾಕಿ ಎಂದು ಶೇವಂತಿ ಮನೆಮನೆಗೆ ಹೋಗಿ ಹೇಳಿದ್ದಳು. ಎರಡನೇ ಕ್ಲಾಸಿನಲ್ಲಿ ಓದುವ ತನ್ನ ಮಗಳು ಪಾರಿಗಂತೂ ಗಂಜಿಯ ತುಂಬ ಕಲಸಿ ತಿನ್ನಿಸುತ್ತಿದ್ದಳು. ಲೋಕವೆಲ್ಲ ಹಾಳಾದರೂ ನನ್ನ ಕೂಸು ಮನುಷ್ಯಳಾಗಿ ಉಳಿಯಲಿ, ಅವಳಿಗೆ ಬೇಕಾದದ್ದು ಇಷ್ಟೇ.

ಕಷ್ಟವಾದದ್ದು ಹಮ್ಮಣ್ಣನದ್ದು. ವರ್ಷದ ಮುಕ್ಕಾಲು ಭಾಗ ಘಟ್ಟದ ಮೇಲಿನ ಹೋಟೆಲಿನಲ್ಲಿ ಉಣ್ಣುವವನು ಅವನು. ಅವನ ತಲೆಗೂದಲನ್ನು ಯಂತ್ರಕ್ಕೆ ಹಾಕಿದ ದಿನ ಚುಕ್ಕಿ ನೇರ ಹೋಗಿ ಜೋಳದ ಪಕ್ಕದಲ್ಲೇ ನಿಂತಿತು. ಶೇವಂತಿ ಅವತ್ತು ಅತ್ತಳು. ಮೊದಲು ಅವನ ತಟ್ಟೆ ಬೇರೆ ಮಾಡಿದಳು, ಆಮೇಲೆ ಹಾಸಿಗೆಯನ್ನು ಹೊರಗಿನ ಜಗಲಿಗೆ ಹಾಕಿದಳು, ಕಡೆಗೆ ಸೇತುವೆಯ ಆಚೆಗೇ ಇರಿ ಅಂದಳು. ಅಷ್ಟನ್ನೂ ಮಾಡಿದ್ದು ಪ್ರೀತಿಯಿಲ್ಲದೆ ಅಲ್ಲ, ಹೆದರಿಕೆಯಿಂದ. ಹೆದರಿಕೆ ಹೊಕ್ಕ ಮನೆಯಲ್ಲಿ ಪ್ರೀತಿಗೆ ಕೂರಲು ಮಣೆ ಸಿಗುವುದಿಲ್ಲ.

ಹಮ್ಮಣ್ಣ ಜಗಳ ಮಾಡುವ ಜಾತಿಯವನಲ್ಲ. ಹೋಗುವ ಮೊದಲು ಜಗಲಿಯ ಮೇಲೆ ಚಪ್ಪಲಿ ಮೆಟ್ಟುತ್ತ ಒಂದೇ ಮಾತು ಕೇಳಿದ.

"ನನ್ನ ಮೈಯಲ್ಲಿ ಇರೂದು ಕೆಟ್ಟದ್ದು ಅಂತಾದ್ರೆ ನಾ ಇಷ್ಟೊತ್ತಿಗೆ ಬಿದ್ದು ಹೋಗ್ಬೇಕಿತ್ತಲ ಶೇವಂತಿ. ನಾ ಗಟ್ಟಿ ಇದ್ದೇನೆ. ನೀ ಒಂದ್ಸಲ ಪಾರಿ ಮೈ ಮುಟ್ಟಿ ನೋಡು."

ಅವಳು ಮುಟ್ಟಿ ನೋಡಿದಳು. ತಣ್ಣಗಿತ್ತು. ಜ್ವರ ಇಲ್ಲವಲ್ಲ, ಅದಕ್ಕೇನೀಗ ಅಂದುಕೊಂಡಳು. ನಿಜ ಹೇಳಬೇಕೆಂದರೆ ಆ ವರ್ಷ ಬೇಲೆಬೈಲಿನ ಯಾವ ಮಗುವಿಗೂ ಜ್ವರ ಬಂದಿರಲಿಲ್ಲ. ಶೀತವಿಲ್ಲ, ಕೆಮ್ಮಿಲ್ಲ, ಹಟವಿಲ್ಲ. ಅಪ್ಪ ಹೋದ ಮೊದಲ ವಾರ ಪಾರಿ ಅತ್ತು ರಂಪ ಮಾಡಿದಳು. ಎರಡನೇ ವಾರದಿಂದ ಅಪ್ಪನ ಹೆಸರೇ ಎತ್ತಲಿಲ್ಲ. ಮಗಳಿಗೆ ಬುದ್ಧಿ ಬಂತು ಎಂದು ತಾಯಿ ನೆಮ್ಮದಿಪಟ್ಟಳು. ಎಂಥ ನೆಮ್ಮದಿಯೋ ಅದು! ಹಾವು ಕಚ್ಚಿದ ಕಾಲಿಗೆ ನೋವಿಲ್ಲ ಎಂದು ಖುಷಿಪಟ್ಟ ಹಾಗೆ.

ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಆಗರದ ಬದುವಿನ ಮೇಲೆ ಪಾರಿ ಒಬ್ಬಳೇ ಕೂತಿದ್ದಳು. ಅಂಗೈ ತುಂಬ ಉಪ್ಪು, ಅದನ್ನು ಬೆಲ್ಲದ ಹಾಗೆ ನೆಕ್ಕುತ್ತಿದ್ದಳು. ಕೆಳಗೆ ಆಗರದ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಬೇಸಗೆಯಲ್ಲಿ ಹಾಗಾಗುವುದು ಹೊಸದೇನಲ್ಲ, ಆದರೆ ಈ ಸಲ ಮಳೆಗಾಲದಲ್ಲೂ ಅದು ತಿಳಿಯಾಗಿರಲಿಲ್ಲ. ಆಗಷ್ಟೇ ಚುಕ್ಕಿಗಳು ಮೂಡುತ್ತಿದ್ದವು. ಪಾರಿ ತಲೆಯೆತ್ತಿ ನೋಡಿ ಮುಖ ಸಿಂಡರಿಸಿದಳು.

"ಆಯಿ, ಇಷ್ಟೊಂದು ಯಾಕೆ? ಇಷ್ಟು ಇರೂದಿಲ್ಲ."

ಎಲ್ಲಿ ಇರುವುದಿಲ್ಲ ಎಂದು ಶೇವಂತಿ ಕೇಳಿದಳು. ಮಗಳು ನಾಲಿಗೆಯನ್ನು ಅಂಗೈಗೆ ಒತ್ತಿಕೊಂಡು, ಬಾನನ್ನು ಹೊಸ ಬಾಡಿಗೆಮನೆಯ ಗೋಡೆಯ ಹಾಗೆ ನೋಡುತ್ತ ಕೂತಳು. ಶೇವಂತಿ ಅವಳ ಕೈ ಹಿಡಿದು ದರದರ ಮನೆಗೆ ಎಳೆದುಕೊಂಡು ಬಂದಳು, ಅಪ್ಪನಿಂದ ಏನೋ ಅಂಟಿಬಿಟ್ಟಿದೆ ಎಂದುಕೊಂಡು ಅವತ್ತಿನ ಗಂಜಿಗೆ ಇನ್ನೂ ಒಂದು ಚಮಚ ಉಪ್ಪು ಸುರಿದಳು.

ಮಾರನೆಯ ದಿನ ಊರಿನ ಸಮಿತಿಯವರು ಪ್ರಯೋಗಾಲಯಕ್ಕೆ ಬರುವವರಿದ್ದರು. ಹೊರಗಿನ ಲೋಕ ಎಷ್ಟು ಕೆಟ್ಟಿದೆ ಎಂದು ಅವರಿಗೆ ಕಣ್ಣಾರೆ ತೋರಿಸಬೇಕಿತ್ತು. ಜೋಳದ ಪಕ್ಕದಲ್ಲಿ ಇಡಲು, ಇದಕ್ಕಿಂತ ಶುದ್ಧವಾದದ್ದು ಇಲ್ಲ ಅನ್ನುವಂಥದ್ದೊಂದು ಬೇಕು ಎಂದು ಶೇವಂತಿ ಯೋಚಿಸಿದಳು. ಗಾಜಿನ ಕಪಾಟಿನಲ್ಲಿ ಒಂದು ಉಲ್ಕೆಯ ತುಂಡಿತ್ತು. ಸೂರ್ಯನ ಜೊತೆಗೇ ಹುಟ್ಟಿ, ಕೋಟ್ಯಂತರ ವರ್ಷ ಬಾನಿನಲ್ಲಿ ಅಲೆದು ಅವಳ ಅಜ್ಜನ ಕಾಲದಲ್ಲಿ ನೆಲಕ್ಕೆ ಬಿದ್ದದ್ದು. ಬಿದ್ದ ಕೂಡಲೇ ಯಾರೋ ಅದನ್ನು ಗಾಜಿನ ಕೊಳವೆಯಲ್ಲಿಟ್ಟು ಬಾಯಿ ಕರಗಿಸಿ ಮುಚ್ಚಿದ್ದರು. ಕೊಳವೆ ಒಡೆದು ಒಂದು ಚೂರು ಕೆರೆದು ಯಂತ್ರಕ್ಕೆ ಹಾಕಿದಳು.

ಚುಕ್ಕಿ ಮನೆಯಲ್ಲಿ ನಿಲ್ಲಲಿಲ್ಲ. ಜಾರಿತು, ಜಾರಿ ಹಮ್ಮಣ್ಣನ ಕೂದಲು ನಿಂತಿದ್ದ ಜಾಗಕ್ಕೆ ಹೋಗಿ ಅದರ ಮೇಲೇ ಕೂತಿತು.

ಅವಳು ಕುರ್ಚಿ ಹುಡುಕಿ ಕೂತಳು. ಗಾಜಿನೊಳಗಿದ್ದ ಕಲ್ಲು ಹುಬ್ಬಳ್ಳಿಯ ಹೋಟೆಲಿನಲ್ಲಿ ಉಂಡಿಲ್ಲ. ಅದಕ್ಕೆ ಯಾವ ಸೋಂಕೂ ತಗಲಿರಲು ಸಾಧ್ಯವಿಲ್ಲ. ಆ ಕಲ್ಲು ಬದಲಾಗಿಲ್ಲ ಎಂದರೆ ಜೋಳವೂ ಬದಲಾಗಿಲ್ಲ, ಗಂಡನೂ ಬದಲಾಗಿಲ್ಲ. ಕದಲಿದ್ದು ಮನೆಯ ಚುಕ್ಕಿಯೇ. ದಿನಾ ಬೆಳಿಗ್ಗೆ ಯಂತ್ರಕ್ಕೆ ಅವಳು ತೋರಿಸುತ್ತಿದ್ದ ಉಪ್ಪೇ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣಕ್ಕೆ ಬೆರಳು ತೋರಿಸಿದರು ಅನ್ನುತ್ತಾರಲ್ಲ, ಬೇಲೆಬೈಲಿನವರು ಆ ಹೆಗ್ಗಣವನ್ನು ಬಡಿಸಿಕೊಂಡೇ ಉಂಡಿದ್ದರು.

ಅವಳು ಕಲ್ಲನ್ನೇ ಮನೆಯೆಂದು ಯಂತ್ರಕ್ಕೆ ತೋರಿಸಿ ಎಲ್ಲವನ್ನೂ ಮತ್ತೆ ಅಳೆದಳು. ಉಪ್ಪಿನ ಚುಕ್ಕಿ ಆಕಾಶಗಂಗೆಯ ಕೊನೆಯ ತೋಳನ್ನೂ ದಾಟಿ, ನಕ್ಷತ್ರಗಳು ಅಲ್ಲೊಂದು ಇಲ್ಲೊಂದು ಇರುವ ಹೊರಗಿನ ಕತ್ತಲಲ್ಲಿ ಹೋಗಿ ನಿಂತಿತು. ಕಾಲದ ಅಂಕಿ ಸೂರ್ಯ ಹುಟ್ಟುವುದಕ್ಕೂ ಎಷ್ಟೋ ಹಿಂದಿನದು. ಆಗರದ ತಳದ ಕೆಸರನ್ನು ಅಳೆದಾಗ ಉಳಿದದ್ದೂ ತಿಳಿಯಿತು. ಉಪ್ಪಿನಿಂದ ಕಾಣೆಯಾದ ಭಾರದ ತಮ್ಮಂದಿರು ಅಷ್ಟೂ ಜನ ಆ ಕೆಸರಿನಲ್ಲಿ ಬಿದ್ದಿದ್ದರು. ಧೂಳಿನ ಜೊತೆ ಯಾವುದೋ ಜೀವ ಬಂದಿತ್ತು. ಅದರ ಹುಟ್ಟೂರಿನಲ್ಲಿ ಆ ತಮ್ಮಂದಿರು ಇರಲೇ ಇಲ್ಲ. ಆಗರದ ಗುಲಾಬಿ ನೀರಿನಲ್ಲಿ ಕೂತು ಅದು ಅವರನ್ನು ಒಂದೊಂದಾಗಿ ಹೆಕ್ಕಿ ಹೊರಗೆಸೆಯುತ್ತ, ಬಂದ ಜಾಗವನ್ನೇ ತನ್ನ ಊರಾಗಿ ಮಾಡಿಕೊಳ್ಳುತ್ತಿತ್ತು. ಮೊದಲು ನೀರನ್ನು, ಆಮೇಲೆ ಎಲೆಯನ್ನು, ಆಮೇಲೆ ಆ ಉಪ್ಪು ತಿಂದವರ ಎಲುಬನ್ನು.

ಕೊನೆಯಲ್ಲಿ ಪಾರಿಯ ಒಂದೆಳೆ ಕೂದಲನ್ನು ಹಾಕಿದಳು. ಅದು ಉಪ್ಪಿಗಿಂತಲೂ ಆಚೆ ಹೋಗಿ ನಿಂತಿತು.

ಅವಳು ಆ ಅಳತೆಗಳನ್ನೆಲ್ಲ ಹೊರಗಿನ ಪ್ರಯೋಗಾಲಯಗಳಿಗೆ ಕಳಿಸಿ, ಶಾನಭಾಗರ ಕೋಣೆಗೆ ಓಡಿದಳು. ಅವರು ಕಿಟಕಿಯ ಬಳಿ ಕೂತು ಆಗರವನ್ನು ನೋಡುತ್ತಿದ್ದರು. ಮೇಜಿನ ಮೇಲೆ ಬಟ್ಟಲಿನಲ್ಲಿ ಉಪ್ಪಿನ ಹರಳು. ಅವಳು ಏದುಸಿರು ಬಿಡುತ್ತ ಹೇಳಿದ್ದನ್ನು ಅವರು ಹವಾಮಾನ ವರದಿ ಕೇಳುವವರ ಹಾಗೆ ಕೇಳಿದರು.

"ನನಗೆ ಮಳೆಗಾಲದಲ್ಲೇ ಗೊತ್ತಾಗಿತ್ತು ಶೇವಂತಿ. ಹೇಳ್ಬೇಕು ಅಂತ ಎದ್ದೆ ಕೂಡ. ಆದ್ರೆ ಯಾಕೋ ಹೆದರಿಕೆನೇ ಆಗ್ಲಿಲ್ಲ ನೋಡು. ಹೆದರಿಕೆ ಆಗದೆ ಇದ್ರೆ ಮನುಷ್ಯ ಎದ್ದು ಹೋಗಿ ಯಾರಿಗಾದ್ರೂ ಯಾಕೆ ಹೇಳ್ತಾನೆ?"

ಅವರು ಒಂದು ಹರಳು ಬಾಯಿಗೆ ಹಾಕಿಕೊಂಡು, ನೀನೂ ತಗೋ ಎಂದು ಬಟ್ಟಲನ್ನು ಅವಳ ಕಡೆ ಸರಿಸಿದರು. ಶೇವಂತಿ ಹಿಂದೆ ಹಿಂದೆ ನಡೆದು ಬಾಗಿಲು ದಾಟಿದಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಮೈಯೆಲ್ಲ ಬೆವರಿತ್ತು. ಅದೊಂದೇ ಅವಳಿಗೆ ಆಗ ಧೈರ್ಯ ಕೊಟ್ಟದ್ದು. ನನಗಿನ್ನೂ ಹೆದರಿಕೆಯಾಗುತ್ತಿದೆ, ನಾನಿನ್ನೂ ನಾನೇ, ಎಂದು ಹೇಳಿಕೊಳ್ಳುತ್ತ ಹಮ್ಮಣ್ಣನಿಗೆ ಫೋನು ಮಾಡಿದಳು. ತಪ್ಪಾಯಿತು ಎಂದಳು. ಸೇತುವೆಯ ಬಳಿ ಲಾರಿ ತನ್ನಿ, ಘಟ್ಟದ ಮೇಲಿನ ಉಪ್ಪು ಹಾಕಿ ಗಂಜಿ ಮಾಡಿಸಿಕೊಂಡು ಬನ್ನಿ ಎಂದಳು. ಈಗಲೇ ಹೊರಟೆ ಅಂದ ಅವನು.

ಮನೆಗೆ ಹೋಗಿ ಶಾಲೆಯ ಚೀಲದಲ್ಲಿ ಮಗಳ ಎರಡು ಜೊತೆ ಬಟ್ಟೆ ತುರುಕಿದಳು. ಅಡುಗೆಮನೆಗೂ ಹೋಗಿ ಬಂದಳು, ಯಾಕೆಂದು ಆಮೇಲೆ ಅವಳಿಗೆ ನೆನಪಾಗಲಿಲ್ಲ. ಪಾರಿ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಕೈ ಹಿಡಿದರೆ ನಡೆದಳು. ಸೇತುವೆಯ ಕಾವಲಿನ ಹುಡುಗರು ಎದ್ದು ನಿಂತರು, ಆದರೆ ತಡೆಯಲಿಲ್ಲ. ಹಿಂದೆ ಬೆದರಿದ ಕಣ್ಣುಗಳಿಂದ ದೊಣ್ಣೆ ಹಿಡಿದು ನಿಲ್ಲುತ್ತಿದ್ದವರು ಈಗ ಬಿಸಿಲಿನಲ್ಲಿ ಸುಮ್ಮನೆ ನಿಂತು ನೋಡಿದರು. ಅವರಿಗೆ ಯಾರ ಭಯವೂ ಉಳಿದಿರಲಿಲ್ಲ. ಶೇವಂತಿಗೆ ದೊಣ್ಣೆಗಿಂತ ಅದನ್ನು ಕಂಡೇ ಹೆಚ್ಚು ಭಯವಾಯಿತು.

ಸೇತುವೆಯ ಆಚೆ ತುದಿಯಲ್ಲಿ ಲಾರಿಯಿತ್ತು. ಹಮ್ಮಣ್ಣ ಓಡಿ ಬಂದು 'ಪಾರೂ' ಎಂದು ಮಗಳನ್ನು ಎತ್ತಿಕೊಂಡ. ಅವಳು ಅವನ ಮುಖವನ್ನು ಗುರುತಿಲ್ಲದವರ ಹಾಗೆ ನೋಡಿದಳು. ಅವನು ಡಬ್ಬಿ ಬಿಚ್ಚಿ ಒಂದು ಚಮಚ ಗಂಜಿ ಬಾಯಿಗಿಟ್ಟ. ಉಗುಳಿದಳು. ಮತ್ತೊಂದಿಟ್ಟ. ಅದು ಗಂಟಲಲ್ಲಿ ಇಳಿಯಿತು. ಇಳಿದ ಸ್ವಲ್ಪ ಹೊತ್ತಿಗೆ ಮಗುವಿನ ಮುಖ ಕೆಂಪಾಯಿತು, ಮೈ ಕಾಯತೊಡಗಿತು, ಎಷ್ಟೋ ತಿಂಗಳಿನಿಂದ ಅಳದಿದ್ದ ಪಾರಿ ಬಾಯಿ ತೆರೆದು ಗಟ್ಟಿಯಾಗಿ ಅಳಲು ಶುರು ಮಾಡಿದಳು. ಹೆದರಿಕೆ ಆಗ್ತದೆ ಅಪ್ಪಾ, ಹೆದರಿಕೆ ಆಗ್ತದೆ, ಎಂದು ಅವನ ಕೊರಳಿಗೆ ಜೋತುಬಿದ್ದಳು. ಹಮ್ಮಣ್ಣ ಅಳುತ್ತಿದ್ದ. ಅವನಿಗೆ ಏನೂ ಅರ್ಥವಾಗಿರಲಿಲ್ಲ, ಆದರೂ ಮಗಳು ತಿರುಗಿ ಬಂದಳೆಂದು ಮಾತ್ರ ತಿಳಿದಿತ್ತು.

ಆಮೇಲೆ ಪಾರಿ ತಾಯಿಯ ಕಡೆ ಕೈ ಚಾಚಿ ಉಪ್ಪು ಬೇಕೆಂದಳು. ಮೈ ಸುಡುತ್ತಿದೆ, ಒಂದೇ ಒಂದು ಹರಳು ಕೊಡು ಎಂದು ಗೋಗರೆದಳು. ಎಂಥ ತಾಯಿಗಾದರೂ ಕರುಳು ಹಿಂಡುವ ದನಿ ಅದು.

ಹಮ್ಮಣ್ಣ ತಟ್ಟನೆ ಹೆಂಡತಿಯ ಮಣಿಕಟ್ಟು ಹಿಡಿದ. ಯಾಕೆ ಹಿಡಿದನೆಂದು ಶೇವಂತಿಗೆ ಅರೆಕ್ಷಣ ತಿಳಿಯಲಿಲ್ಲ. ಕೆಳಗೆ ನೋಡಿದಳು. ಅವಳ ಸೆರಗಿನ ಗಂಟು ಬಿಚ್ಚಿತ್ತು. ಅಂಗೈಯಲ್ಲಿ ಹಿಡಿ ಉಪ್ಪಿತ್ತು, ಅದು ಮಗಳ ಬಾಯಿಯ ಹತ್ತಿರ ಹೋಗಿತ್ತು. ಗಂಟು ಕಟ್ಟಿದ್ದು ಯಾವಾಗ, ಬಿಚ್ಚಿದ್ದು ಯಾವಾಗ ಎಂದು ಅವಳಿಗೆ ಗೊತ್ತಿರಲಿಲ್ಲ. ಎದೆಯ ಮೇಲೆ ಇನ್ನೊಂದು ಕೈ ಇಟ್ಟುಕೊಂಡಳು. ಬಡಿತ ನಿಧಾನವಾಗಿತ್ತು, ಬೆವರು ಆರಿತ್ತು. ಹೆದರಬೇಕೆಂದು ಅವಳಿಗೆ ಗೊತ್ತಿತ್ತು, ಹುಡುಕಿದರೂ ಹೆದರಿಕೆ ಸಿಗಲಿಲ್ಲ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಇವಳನ್ನ ಕರ್ಕೊಂಡು ಹೋಗಿ. ನಾ ಬರೂದಿಲ್ಲ, ಬಂದ್ರೆ ಈ ಕೈ ಸುಮ್ನಿರೂದಿಲ್ಲ. ನಾಳೆ ನಾ ಫೋನ್ ಮಾಡ್ತೆ. ಮಗಳನ್ನ ಬಿಟ್ಟು ಇರ್ಲಿಕ್ಕೆ ಆಗೂದಿಲ್ಲ, ಕರ್ಕೊಂಡು ಬನ್ನಿ ಅಂತ ಅಳ್ತೆ. ನಂಬಬೇಡಿ."

"ಅಳೂದು ನೀನೇ ಅಲ್ವನೇ?" ಹಮ್ಮಣ್ಣ ಕೇಳಿದ.

"ಹೌದು, ನಾನೇ. ಅದಕ್ಕೇ ಹೇಳ್ತಿರೂದು, ನಂಬಬೇಡಿ."

ಲಾರಿ ಹೊರಟಿತು. ಪಕ್ಕದ ಕಿಟಕಿಯಲ್ಲಿ ಪಾರಿಯ ಮುಖ, ತೆರೆದ ಬಾಯಿ, ಎರಡೂ ಕೈ ಕಾಣುತ್ತಿದ್ದವು. ತಿರುವಿನಲ್ಲಿ ಅದೂ ಮರೆಯಾಯಿತು. ಶೇವಂತಿ ಸೇತುವೆಯ ನಡುವಿಗೆ ಬಂದು, ಕೈಯಲ್ಲಿರುವ ಉಪ್ಪನ್ನು ಹೊಳೆಗೆ ಚೆಲ್ಲಿಬಿಡೋಣ ಎಂದು ಮುಷ್ಟಿ ಬಿಚ್ಚಿದಳು. ಮುಷ್ಟಿ ಖಾಲಿಯಾಗಿತ್ತು. ನಾಲಿಗೆಯ ಮೇಲೆ ಒಳ್ಳೆಯ ರುಚಿಯಿತ್ತು.